ಸವಾರರ ಹಣ ಹಾದಿಗೆ ಮರಳಬೇಕಾದರೆ: ಕ್ಯಾಲಿಫೋರ್ನಿಯಾದ ಓಎಚ್‌ವಿ ಅನುದಾನ ಹೇಗಿದೆ?

ಕ್ಯಾಲಿಫೋರ್ನಿಯಾದ ಕಾಡುಗಳಲ್ಲಿ ಓಎಚ್‌ವಿಗಳು, ಅಂದರೆ ಡಾಂಬರು ರಸ್ತೆಯಾಚೆ ಸವಾರಿಗೆ ಬಳಸುವ ಡರ್ಟ್ ಬೈಕ್, ಎಟಿವಿ, ಜೀಪಿನಂತಹ ವಾಹನಗಳು ಓಡುವ ಹಾದಿಗಳನ್ನು ಯಾರ ಹಣದಲ್ಲಿ ದುರಸ್ತಿ ಮಾಡುತ್ತಾರೆಂದು ಕೇಳಿದರೆ ಬಹಳಷ್ಟು ಸವಾರರು ಸುಮ್ಮನಾಗುತ್ತಾರೆ. ಅದು ಅವರದೇ ಹಣ. ವಾಹನಕ್ಕೆ ಅಂಟಿಸುವ ಹಸಿರು ಸ್ಟಿಕ್ಕರ್‌ನ ನೋಂದಣಿ ಶುಲ್ಕ, ಹಾಲಿಸ್ಟರ್ ಹಿಲ್ಸ್, ಪ್ರೇರಿ ಸಿಟಿಯಂತಹ ರಾಜ್ಯದ ತಾಣಗಳ ಪ್ರವೇಶ ಶುಲ್ಕ, ಇವೆಲ್ಲಕ್ಕಿಂತ ಹೆಚ್ಚಾಗಿ ಇಂಧನ ತೆರಿಗೆಯಲ್ಲಿ ಅವರ ಪಾಲೆಂದು ಲೆಕ್ಕ ಹಾಕಿದ ಮೊತ್ತ ಒಂದೇ ನಿಧಿಗೆ ಸೇರುತ್ತವೆ. ಆ ನಿಧಿಯ ಒಂದು ಭಾಗವನ್ನು ಇಂತಹ ಸವಾರಿಯನ್ನು ನೋಡಿಕೊಳ್ಳುವ, ರಾಜ್ಯ ಉದ್ಯಾನ ಇಲಾಖೆಯ ಓಎಚ್‌ಎಂವಿಆರ್ ವಿಭಾಗ ಪ್ರತಿವರ್ಷ ಅನುದಾನವಾಗಿ ಹಂಚುತ್ತದೆ. ರಾಷ್ಟ್ರೀಯ ಅರಣ್ಯಗಳು, ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಕಚೇರಿಗಳು, ಕೌಂಟಿಗಳು, ನಗರಾಡಳಿತಗಳು, ಮಾನ್ಯತೆ ಪಡೆದ ಮೂಲನಿವಾಸಿ ಸಮುದಾಯಗಳು ಅರ್ಜಿ ಹಾಕಬಹುದು. ನಮ್ಮಂತಹ ಲಾಭರಹಿತ ಸಂಘಗಳಿಗೂ ಅವಕಾಶವಿದೆ.

ನಾನು ಬೈಕ್ ಓಡಿಸುವವಳಲ್ಲ. ಮಗ ಓಡಿಸುತ್ತಾನೆ. ಅವನ ಸವಾರರ ಸಂಘಕ್ಕೆ ಲೆಕ್ಕಪತ್ರ ನೋಡಿಕೊಳ್ಳುವವರು ಬೇಕಾಗಿದ್ದರು. ಜೀವಮಾನವಿಡೀ ಅಂಕಿಗಳ ಜೊತೆ ಕಳೆದ ನನಗೆ ಆ ಕೆಲಸ ಸಹಜವಾಗಿಯೇ ಬಂತು. ಸಿಯೆರಾ ನೆವಾಡ ಪರ್ವತಗಳ ತಪ್ಪಲಿನ ಒಂದು ಅರಣ್ಯದಲ್ಲಿ ಸಂಘ ನೋಡಿಕೊಳ್ಳುವ ಹಾದಿಗಳಿಗಾಗಿ ಅರ್ಜಿ ಬರೆದು, ಹಣ ಪಡೆದು, ಕೊನೆಯ ರಸೀದಿಯವರೆಗೆ ಒಪ್ಪಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಸಾರ್ವಜನಿಕ ಹಣ ಕೊಡುವ ಯೋಜನೆಗಳಲ್ಲಿ ಇಷ್ಟು ಪಾರದರ್ಶಕವಾದದ್ದನ್ನು ನಾನು ನೋಡಿಲ್ಲ. ಓಲ್ಗಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾರ್ಚ್ ಆರಂಭದ ಹೊತ್ತಿಗೆ ಪ್ರಾಥಮಿಕ ಅರ್ಜಿ ಸಲ್ಲಿಸಬೇಕು. ಸಲ್ಲಿಸಿದ ಕೂಡಲೇ ಅದು ಎಲ್ಲರಿಗೂ ತೆರೆದುಕೊಳ್ಳುತ್ತದೆ. ಮೇ ತಿಂಗಳವರೆಗೆ ಯಾರು ಬೇಕಾದರೂ ಓದಿ ಅಭಿಪ್ರಾಯ ಕಳಿಸಬಹುದು. ವಿಭಾಗದ ಸಿಬ್ಬಂದಿಯೂ ಓದಿ ಕೊರತೆಗಳನ್ನು ತಿಳಿಸುತ್ತಾರೆ. ಅವನ್ನೆಲ್ಲ ಗಮನಿಸಿ ತಿದ್ದಿದ ಅಂತಿಮ ಅರ್ಜಿ ಜೂನ್ ಆರಂಭದಲ್ಲಿ ಹೋಗುತ್ತದೆ. ನಮ್ಮ ಅರ್ಜಿ ಓದಿದ ಒಬ್ಬರು, ಹೊಳೆಯ ಕೆಳಭಾಗದಲ್ಲಿ ವಾಸಿಸುವವರು, ಮಳೆಗಾಲ ಮುಗಿದ ಮೇಲೂ ಹಾದಿ ಹೊಳೆಯನ್ನು ದಾಟುವ ಒಂದು ದಾಟುಗಡವಿನಿಂದ ಕೆಸರು ನೀರು ಬರುತ್ತಿದೆಯೆಂದು ಬರೆದಿದ್ದರು. ಪತ್ರದಲ್ಲಿ ಸಿಟ್ಟಿತ್ತು, ಆದರೆ ಮಾತು ನಿಜವಾಗಿತ್ತು. ನಾವು ಕೇಳಿದ ಮೊತ್ತವನ್ನು ಮುಟ್ಟದೆ ಕೆಲಸದ ಕ್ರಮವನ್ನೇ ಬದಲಿಸಿ, ಆ ದಾಟುಗಡವಿಗೆ ಕಲ್ಲು ಹಾಸುವುದನ್ನು ಮೊದಲಿಗೆ ತಂದೆವು. ಸವಾರರನ್ನು ಕಂಡರಾಗದವರೂ ಸವಾರರೂ ಒಂದೇ ಕಾಗದವನ್ನು ಓದುವ ಹಾಗೆ ಮಾಡಿರುವುದು ಈ ಯೋಜನೆಯ ದೊಡ್ಡ ಗುಣ.

ಹಣ ಹಂಚುವ ಪ್ರಮಾಣವೂ ಕಾನೂನಿನಲ್ಲೇ ಇದೆ. 1971ರ ಮೂಲ ಕಾಯ್ದೆಯ ಮೇಲೆ 2007ರಲ್ಲಿ ಬಂದ 742ನೇ ಸೆನೆಟ್ ಮಸೂದೆ ಅದನ್ನು ಗೊತ್ತುಮಾಡಿತು. ಅರ್ಧ ಭಾಗ ಹಾದಿಗಳ ನಿರ್ವಹಣೆಗೆ, ಶೇ 25 ಹಾಳಾದ ನೆಲದ ಪುನಶ್ಚೇತನಕ್ಕೆ, ಶೇ 20 ಕಾನೂನು ಪಾಲನೆಗೆ, ಉಳಿದ ಶೇ 5 ಸುರಕ್ಷತೆ ಮತ್ತು ಶಿಕ್ಷಣಕ್ಕೆ. ಪುನಶ್ಚೇತನಕ್ಕೆ ಅಷ್ಟೊಂದು ಯಾಕೆಂದು ಸಂಘದ ಕೆಲವರು ಗೊಣಗುವುದುಂಟು. ಮರುಭೂಮಿಯಲ್ಲಿ ಅನಧಿಕೃತ ಚಕ್ರದ ಗುರುತುಗಳನ್ನು ಮುಚ್ಚಲು ಒಣಗಿದ ಕೊಂಬೆಗಳನ್ನು ನೆಟ್ಟಗೆ ಊರುತ್ತಾರೆ. ಮುಂದಿನ ಸವಾರನ ಕಣ್ಣಿಗೆ ಅಲ್ಲಿ ದಾರಿಯಿತ್ತೆಂದೇ ಕಾಣುವುದಿಲ್ಲ, ಕೊಂಬೆಯ ಬುಡದಲ್ಲಿ ಬೀಜ ನಿಲ್ಲುತ್ತದೆ. ಅಧಿಕೃತ ಹಾದಿ ತೆರೆದಿರುವುದಕ್ಕೆ ಈ ಕೆಲಸವೂ ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ. 2017ರ 249ನೇ ಮಸೂದೆ ಇಡೀ ಕಾರ್ಯಕ್ರಮವನ್ನು ಶಾಶ್ವತಗೊಳಿಸಿತು. ಆದ್ದರಿಂದ ಇದು ಯಾವ ವರ್ಷ ನಿಂತುಹೋಗುವುದೋ ಎಂಬ ಆತಂಕವಿಲ್ಲದೆ ಯೋಜನೆ ಹಾಕಬಹುದು.

ಅರ್ಜಿಯ ಜೀವಾಳ ಮಣ್ಣು. ಈ ರಾಜ್ಯದ ಮಣ್ಣು ಸಂರಕ್ಷಣಾ ಮಾನದಂಡದ ತಿರುಳು ಹೀಗಿದೆ: ಹಾದಿಯ ಬಳಕೆಯಿಂದ ಆಗುವ ಮಣ್ಣಿನ ನಷ್ಟ ಮತ್ತೆ ಸರಿಪಡಿಸಬಹುದಾದ ಮಟ್ಟವನ್ನು ಮೀರಬಾರದು, ಸವೆತದ ಹಾನಿ ಹಾದಿಯಾಚೆಗೆ ಹರಡಬಾರದು. ಇದನ್ನು ತೋರಿಸಲು ಹಾದಿಯುದ್ದಕ್ಕೂ ನಡೆದು ಪ್ರತಿ ತುಂಡಿಗೂ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕುತ್ತೇವೆ. ನೀರು ಪಕ್ಕಕ್ಕೆ ಸರಿದು ಹೋಗುತ್ತಿದ್ದರೆ ಹಸಿರು. ಹಾದಿಯೇ ಕಾಲುವೆಯಾಗಿ ನೀರು ಅದರೊಳಗೇ ಇಳಿಯುತ್ತಿದ್ದರೆ ಕೆಂಪು. ಲೆಕ್ಕದ ಪುಸ್ತಕದ ಹಾಗೆ ಇದೂ ವರ್ಷವರ್ಷ ಮುಂದುವರಿದರೆ ಮಾತ್ರ ಉಪಯೋಗ. ಕೆಂಪು ತುಂಡುಗಳನ್ನು ಸರಿಪಡಿಸಲು ದೊಡ್ಡ ತಂತ್ರಜ್ಞಾನವೇನೂ ಬೇಡ. ಇಳಿಜಾರಿನಲ್ಲಿ ಅಗಲವಾದ ತಗ್ಗುಗಳನ್ನೂ ದಿಬ್ಬಗಳನ್ನೂ ಮಾಡಿ ನೀರನ್ನು ಹೊರಕ್ಕೆ ತಿರುಗಿಸಬೇಕು, ಕಡಿದಾದ ಕಡೆ ಕಲ್ಲು ಕೂರಿಸಬೇಕು, ಕೆಲವು ಕಡೆ ಹಾದಿಯ ದಿಕ್ಕನ್ನೇ ಬದಲಿಸಬೇಕು. ಕಿರಿದಾದ ಡೋಜರ್ ಮತ್ತು ಅದನ್ನು ನಡೆಸಬಲ್ಲ ಅನುಭವಿ ಚಾಲಕ ಇದ್ದರೆ ಒಂದು ವಾರದಲ್ಲಿ ಆಗುವ ಕೆಲಸವನ್ನು ಗುದ್ದಲಿ ಹಿಡಿದ ಸ್ವಯಂಸೇವಕರು ಒಂದು ಋತುವಿನಲ್ಲೂ ಮುಗಿಸಲಾರರು. ಈ ಅನುದಾನದ ಬೆಲೆ ನನಗೆ ಅರ್ಥವಾದದ್ದು ಆ ಯಂತ್ರ ಹಾದಿಗೆ ಬಂದಾಗ. ಮೊದಲ ದೊಡ್ಡ ಮಳೆ ಬಂದಾಗ ಮಗನೊಂದಿಗೆ ನೋಡಲು ಹೋಗಿದ್ದೆ. ನೀರು ಪ್ರತಿ ತಗ್ಗಿನಲ್ಲೂ ಹೊರಕ್ಕೆ ಹರಿದು ಪೈನ್ ಎಲೆಗಳ ಹಾಸಿನಲ್ಲಿ ಇಂಗುತ್ತಿತ್ತು. ಬಹಳ ಸಂತೋಷವಾಯಿತು.

ಇನ್ನು ಕಷ್ಟದ ಮಾತು. ನಿರ್ವಹಣೆಯ ಅರ್ಜಿಗೆ ಯೋಜನೆಯ ಒಟ್ಟು ವೆಚ್ಚದ ಕನಿಷ್ಠ ಶೇ 25ರಷ್ಟನ್ನು ಅರ್ಜಿದಾರರೇ ಭರಿಸಬೇಕು. ಒಟ್ಟು ವೆಚ್ಚದ ಎಂಬುದನ್ನು ಗಮನಿಸಿ. 75,000 ಡಾಲರ್ ಕೇಳುವುದಾದರೆ ನಿಮ್ಮ ಪಾಲು 25,000 ಡಾಲರ್, ಅಂದರೆ ಕೇಳಿದ ಹಣದ ಮೂರನೆಯ ಒಂದು ಭಾಗ. ಪುನಶ್ಚೇತನದ ಯೋಜನೆಗಳಿಗೆ ಈ ಪಾಲು ಶೇ 10 ಮಾತ್ರ. ಸ್ವಯಂಸೇವಕರ ದುಡಿಮೆಯನ್ನು ಪಾಲಾಗಿ ತೋರಿಸಬಹುದು. ಸಣ್ಣ ಸಂಘಗಳ ಪಾಲಿಗೆ ಇದೇ ಆಧಾರ. ಆದರೆ ಸಹಿ, ದಿನಾಂಕ, ಗಂಟೆ, ಮಾಡಿದ ಕೆಲಸ ಎಲ್ಲವೂ ಕಾಗದದ ಮೇಲಿರಬೇಕು. ಮುಂದೆ ಲೆಕ್ಕ ಪರಿಶೋಧನೆಗೆ ಬಂದವರು ನೋಡುವುದು ಅದನ್ನೇ.

ಹಣ ಬರುವುದು ಮುಖ್ಯವಾಗಿ ಮರುಪಾವತಿಯ ರೂಪದಲ್ಲಿ. ಕೆಲಸ ಮಾಡಿಸಿ, ಗುತ್ತಿಗೆದಾರರಿಗೆ ಕೊಟ್ಟು, ರಸೀದಿ ಕಳಿಸಿ ಕಾಯಬೇಕು. ದೊಡ್ಡ ಕೌಂಟಿಗೆ ಇದು ಹೊರೆಯಲ್ಲ. ಸದಸ್ಯತ್ವ ಶುಲ್ಕದಿಂದಲೇ ನಡೆಯುವ ಸಂಘದ ಬ್ಯಾಂಕ್ ಖಾತೆ ಆ ತಿಂಗಳುಗಳಲ್ಲಿ ಬರಿದಾಗುತ್ತದೆ. ಅತ್ಯಂತ ಹಾಳಾದ ಹಾದಿಗಳನ್ನು ನೋಡಿಕೊಳ್ಳುತ್ತಿರುವವು ಅನೇಕ ವೇಳೆ ಅತ್ಯಂತ ಬಡ ಸಂಘಗಳೇ. ಈ ಕ್ರಮ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಎಂಬುದು ನನ್ನ ನಿಜವಾದ ಬೇಸರ. ಈ ಯೋಜನೆಗೆ ನಾನು ಕೊಡುವ ಅಂಕದಲ್ಲಿ ಒಂದು ಕಡಿಮೆಯಾಗುವುದು ಇಲ್ಲಿ.

ಪರಿಸರ ಪರಿಶೀಲನೆಯೂ ಎರಡು ಪಟ್ಟು. ಒಕ್ಕೂಟ ಸರ್ಕಾರದ ನೆಲದಲ್ಲಿ ಅವರ ಪರಿಸರ ಕಾಯ್ದೆ ಅನ್ವಯಿಸುತ್ತದೆ, ಹಣ ರಾಜ್ಯದ್ದಾದ್ದರಿಂದ ಕ್ಯಾಲಿಫೋರ್ನಿಯಾದ ಕಾಯ್ದೆಯೂ ಅನ್ವಯಿಸುತ್ತದೆ. ಎರಡೂ ಅಗತ್ಯವೆಂದೇ ಒಪ್ಪುತ್ತೇನೆ, ಆದರೆ ಸಮಯ ಹಿಡಿಯುತ್ತದೆ.

ಬೇರೆ ರಾಜ್ಯಗಳಲ್ಲಿರುವವರು ನಿರಾಶರಾಗಬೇಕಿಲ್ಲ. 1991ರಿಂದ ನಡೆದುಬಂದಿರುವ ಒಕ್ಕೂಟ ಸರ್ಕಾರದ ರಿಕ್ರಿಯೇಷನಲ್ ಟ್ರೇಲ್ಸ್ ಪ್ರೋಗ್ರಾಂ ರಾಜ್ಯಗಳ ಮೂಲಕವೇ ಹಣ ಕೊಡುತ್ತದೆ. ಅದರಲ್ಲಿ ಶೇ 30 ಮೋಟಾರು ವಾಹನಗಳ ಹಾದಿಗೆ, ಶೇ 30 ನಡಿಗೆ, ಸೈಕಲ್, ಕುದುರೆ ಸವಾರಿಯಂತಹ ಬಳಕೆಗೆ, ಶೇ 40 ಹಲವು ಬಗೆಯ ಬಳಕೆದಾರರು ಹಂಚಿಕೊಳ್ಳುವ ಹಾದಿಗಳಿಗೆ ಮೀಸಲು.

ನಿಮ್ಮ ಸಂಘ ಕ್ಯಾಲಿಫೋರ್ನಿಯಾದಲ್ಲಿದ್ದು ಅರ್ಜಿ ಹಾಕುವ ಮನಸ್ಸಿದ್ದರೆ ಮಾರ್ಚ್ ಹತ್ತಿರ ಬರುವವರೆಗೆ ಕಾಯಬೇಡಿ. ಹಿಂದಿನ ಶರತ್ಕಾಲದಲ್ಲೇ ನೆಲ ನಿರ್ವಹಿಸುವ ಕಚೇರಿಯ ಬಾಗಿಲು ತಟ್ಟಿ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಅವರ ನೆಲದ ಹಾದಿಗೆ ಒಂದು ಗುದ್ದಲಿಯ ಹಣವೂ ಸಿಗುವುದಿಲ್ಲ, ಆ ಸಹಿ ಪಡೆಯುವುದಕ್ಕೆ ಅರ್ಜಿ ಬರೆಯುವುದಕ್ಕಿಂತ ಹೆಚ್ಚು ಕಾಲ ಬೇಕು. ಕಳೆದ ವರ್ಷ ಹಣ ಪಡೆದವರ ಅರ್ಜಿಗಳು ಓಲ್ಗಾದಲ್ಲಿವೆ. ನಿಮ್ಮಷ್ಟೇ ಗಾತ್ರದ ಸಂಘವೊಂದರ ಅರ್ಜಿಯನ್ನು ಹುಡುಕಿ ಅದರ ವೆಚ್ಚದ ಅಂದಾಜನ್ನು ಸಾಲುಸಾಲಾಗಿ ಓದಿ. ಮುಂದಿನ ಭಾನುವಾರ ಹಾದಿ ಶುಚಿಗೊಳಿಸಲು ಹೋಗುವಾಗ ಹಾಜರಿ ಹಾಳೆಯೊಂದನ್ನೂ ಜೊತೆಗೆ ಒಯ್ಯಿರಿ.