ಕತ್ತಿಯೋ, ಕುಡುಗೋಲೋ: ಬರೆಯುವವರಿಗೆ ಒಂದು ಹೋಲಿಕೆ

ಕೃಷಿಯ ಬಗ್ಗೆ ಲೇಖನವನ್ನೋ ಕಥೆಯನ್ನೋ ಬರೆಯುವವರು ಈ ಎರಡು ಪದಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ, ‘ಕತ್ತಿ’ಯ ಹರವು ಎಷ್ಟು ದೊಡ್ಡದೆಂಬುದನ್ನು ಮೊದಲು ಗಮನಿಸಬೇಕು. ಅರಸನ ಆಯುಧ, ಕ್ಷೌರಿಕನ ಅಲಗು, ಮಲೆನಾಡಿನಲ್ಲಿ ತೋಟಕ್ಕೆ ಹೋಗುವವರು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಬಾಗಿದ ಹತ್ಯಾರು, ಎಲ್ಲವೂ ಕತ್ತಿಯೇ. ಆದ್ದರಿಂದ ಬರಿಯ ‘ಕತ್ತಿ’ ಎಂದು ಬರೆದರೆ ಮಲೆನಾಡಿನ ಓದುಗರಿಗೆ ಸೊಪ್ಪು ಕಡಿಯುವ ಸಾಧನವೂ ಬಯಲುಸೀಮೆಯ ಓದುಗರಿಗೆ ಯುದ್ಧದ ಖಡ್ಗವೂ ಕಣ್ಣಿಗೆ ಬರಬಹುದು.

ಕುಡುಗೋಲಿಗೆ ಈ ಗೊಂದಲವಿಲ್ಲ. ‘ಕುಡು’ ಎಂದರೆ ಬಾಗಿದ್ದು. ಒಳಬಾಗಿನ ಅಂಚಿನಲ್ಲಿ ಹರಿತವಿರುವ, ಕೆಲವೆಡೆ ಸಣ್ಣ ಹಲ್ಲುಗಳನ್ನೂ ಹೊಂದಿರುವ ಈ ಸಾಧನವನ್ನು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಪೈರನ್ನು ಒಟ್ಟುಮಾಡಿಕೊಂಡು, ಬುಡದ ಹತ್ತಿರ ತಮ್ಮತ್ತ ಎಳೆದು ಕೊಯ್ಯುತ್ತಾರೆ. ತೋಟದ ಕತ್ತಿಯದು ಬೀಸಿ ಕಡಿಯುವ ಕೆಲಸ, ಕುಡುಗೋಲಿನದು ಎಳೆದು ಕೊಯ್ಯುವ ಕೆಲಸ. ಕ್ರಿಯಾಪದ ತಪ್ಪಿ ‘ಕುಡುಗೋಲಿನಿಂದ ಮರ ಕಡಿದರು’ ಎಂದು ಬರೆದರೆ ರೈತರು ನಗದೆ ಇರಲಾರರು.

ರಾಗಿ, ಭತ್ತ, ಜೋಳದ ಕೊಯ್ಲಿನ ಸಂದರ್ಭವಾದರೆ ನನ್ನ ಮಟ್ಟಿಗೆ ಕುಡುಗೋಲೇ ಸರಿ. ಹಳೆ ಮೈಸೂರಿನ ಪಾತ್ರದ ಬಾಯಲ್ಲಿ ಅದು ‘ಕುಡ್ಲು’ ಆಗಲಿ. ‘ಕುಡುಗೋಲು ಕುಂಬಳಕಾಯಿ ನಿಮ್ಮ ಕೈಗೇ ಕೊಟ್ಟಿದ್ದೇವೆ’ ಎಂಬ ಮಾತಿನಲ್ಲಂತೂ ಕತ್ತಿಗೆ ಜಾಗವೇ ಇಲ್ಲ. ಕತ್ತಿಯನ್ನೇ ಉಳಿಸಿಕೊಳ್ಳಬೇಕೆಂದಿದ್ದರೆ, ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ‘ಮೆಟ್ಟುಗತ್ತಿ’ಯ ಹಾಗೆ, ಕೆಲಸವನ್ನು ಸೂಚಿಸುವ ಪದವೊಂದನ್ನು ಅದರ ಮೊದಲಿಗೆ ಸೇರಿಸಿಕೊಳ್ಳಬಹುದು.