ಎರಡನೆಯ ಎಂಜಿನ್: ಕಾಟೊ ಡಿಇ10 ಜೊತೆ ಎರಡು ಮಳೆಗಾಲ

ಜಪಾನಿನ ಕಾಟೊ ಕಂಪನಿಯ ಡಿಇ10 ಎಂಬ ಪುಟ್ಟ ಮಾದರಿ ಎಂಜಿನ್ ಬಗ್ಗೆ ನನಗೆ ತಕರಾರಿಲ್ಲ, ನನ್ನ ಜಗಳವೆಲ್ಲ ಅದನ್ನು ವ್ಯಾಗನ್ನಿಗೆ ಜೋಡಿಸುವ ಕೊಕ್ಕೆಯ ಜೊತೆ. ಎನ್ ಸ್ಕೇಲ್, ಅಂದರೆ 9 ಮಿ.ಮೀ. ಹಳಿಯ ಮಾದರಿ ರೈಲಿಗೆ ಎರಡನೆಯ ಎಂಜಿನ್ ಕೊಳ್ಳಲು ಹೊರಟವರಿಗೆ ಬಲ್ಲವರೆಲ್ಲ ಹೇಳುವುದು ಮೂರೇ ಮಾತು: ಹಳಿಯ ಅಗಲ ನೋಡಿ, ವೋಲ್ಟೇಜ್ ನೋಡಿ, ತಿರುವಿನ ತ್ರಿಜ್ಯ ನೋಡಿ. ಮೂರೂ ಸರಿಯೇ. ಆದರೆ ಮೂರೂ ಹೊಂದಿಕೊಂಡ ಮೇಲೆ ದಿನವೂ ನನ್ನ ಬೆರಳುಗಳಿಗೆ ಕೆಲಸ ಕೊಡುತ್ತಿರುವುದು ಅಕ್ಕಿಕಾಳಿನಷ್ಟಿರುವ ಒಂದು ಪ್ಲಾಸ್ಟಿಕ್ ಕೊಕ್ಕೆ. ಅದರ ವಿಚಾರ ಮುಂದೆ ಬರುತ್ತದೆ.

ನನ್ನಲ್ಲಿ ಮೊದಲಿನಿಂದ ಇದ್ದದ್ದು ಕಾಟೊ ಕಂಪನಿಯದೇ ಇಎಫ್210. ಜಪಾನಿನ ಸರಕು ಗಾಡಿಗಳನ್ನು 1996ರಿಂದ ಎಳೆಯುತ್ತಿರುವ ವಿದ್ಯುತ್ ಎಂಜಿನ್‌ನ ಮಾದರಿ ಅದು. ಅಲ್ಲಿನ ಜನಪದ ಕಥೆಯ ವೀರ ಬಾಲಕ ಮೊಮೊತಾರೊನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಅದರ ಹಿಂದೆ ಕಂಟೇನರ್ ಹೊತ್ತ ಚಪ್ಪಟೆ ವ್ಯಾಗನ್‌ಗಳ ಸಾಲು. ಮಂಚದ ಅಡಿಯಿಂದ ಎಳೆದು ತೆಗೆಯುವ ಪ್ಲೈವುಡ್ ಹಲಗೆ, ಅದರ ಮೇಲೆ ಕಾಟೊದವರದೇ ಯುನಿಟ್ರ್ಯಾಕ್ ಹಳಿ, 249 ಮಿ.ಮೀ. ತ್ರಿಜ್ಯದ ತಿರುವು, ನಿಲ್ದಾಣವೆಂದು ನಾನು ಕರೆಯುವ ಒಂದು ಉದ್ದನೆಯ ನೇರ ಭಾಗ. ಇಷ್ಟೇ ನನ್ನ ರೈಲ್ವೆ ಸಾಮ್ರಾಜ್ಯ.

ಸುತ್ತು ಹೊಡೆಯುವ ಗಾಡಿಯನ್ನು ಎಷ್ಟು ಹೊತ್ತು ನೋಡುತ್ತಾ ಕೂರುವುದು? ಅರಸೀಕೆರೆ ಜಂಕ್ಷನ್‌ನಲ್ಲಿ ಮೀಟರ್ ಗೇಜ್ ಕಾಲದ ಶಂಟಿಂಗ್ ನೋಡಿಕೊಂಡು ಬೆಳೆದವನು ನಾನು. ಗಾಡಿ ಓಡುವುದಕ್ಕಿಂತ ಗಾಡಿ ಕಟ್ಟುವುದೇ ನನಗೆ ಇಷ್ಟ. ಎಂಜಿನ್ ಬಿಚ್ಚುವುದು, ಒಂದು ವ್ಯಾಗನ್ ಕಳಚಿ ಸೈಡಿಂಗ್‌ಗೆ, ಅಂದರೆ ಪಕ್ಕದ ಹಳಿಗೆ, ತಳ್ಳುವುದು, ಪಾಯಿಂಟ್ಸ್‌ಮನ್ ಹಸಿರು ಬಾವುಟ ಬೀಸುವುದು. ಆದ್ದರಿಂದ ಎರಡನೆಯ ಎಂಜಿನ್ ಎಂದರೆ ಇನ್ನೊಂದು ಓಟಗಾರ ಬೇಕಾಗಿರಲಿಲ್ಲ, ಅಂಗಳದಲ್ಲಿ ದುಡಿಯುವ ಆಳು ಬೇಕಾಗಿತ್ತು.

ಆಯ್ಕೆ ಮಾಡುವಾಗ ಏನೇನು ಬಿಟ್ಟೆ ಎಂದು ಬೇಗ ಹೇಳಿ ಮುಗಿಸುತ್ತೇನೆ. ಸಿ62 ಉಗಿ ಎಂಜಿನ್ ರೂಪದಲ್ಲಿ ರಾಜ. ಆದರೆ ಜಪಾನಿನಲ್ಲಿ ಉಗಿ ಎಂಜಿನ್‌ಗಳ ನಿತ್ಯದ ಓಡಾಟ 1970ರ ದಶಕದ ನಡುವಿನಲ್ಲೇ ಮುಗಿದಿದೆ. ನನ್ನ ಕಂಟೇನರ್ ವ್ಯಾಗನ್‌ಗಳ ಮುಂದೆ ಅದನ್ನು ನಿಲ್ಲಿಸಿದರೆ ಮೊಮ್ಮಗನ ಮದುವೆಯಲ್ಲಿ ಮುತ್ತಜ್ಜನೇ ಮದುಮಗನಾಗಿ ನಿಂತ ಹಾಗಾಗುತ್ತದೆ. ಅಮೆರಿಕದ ಎಸ್‌ಡಿ40-2 ಮಾದರಿಯೂ 9 ಮಿ.ಮೀ. ಹಳಿಯ ಮೇಲೆಯೇ ಓಡುತ್ತದೆ, 12 ವೋಲ್ಟ್ ಡಿಸಿಯೂ ಸಾಕು. ಆದರೆ ಅದು ನಿಜವಾದ ಎಂಜಿನ್ನಿನ 1:160 ಅಳತೆಯದು, ನನ್ನದು 1:150. ಅದಕ್ಕಿಂತ ಮುಖ್ಯವಾಗಿ ಅದರ ಕಪ್ಲಿಂಗ್ (ಗಾಡಿ ಜೋಡಿಸುವ ಕೊಂಡಿ) ಅಮೆರಿಕದ ಪದ್ಧತಿಯದು, ನನ್ನ ವ್ಯಾಗನ್‌ಗಳ ಕೊಕ್ಕೆಗೆ ಕಚ್ಚಿಕೊಳ್ಳುವುದಿಲ್ಲ. ಪರಿಚಯದವರೊಬ್ಬರು ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಂಜಿನ್ ಒಂದನ್ನು ಸೋವಿಯಾಗಿ ಕೊಡುತ್ತೇನೆಂದು ಮುಂದೆ ಬಂದರು. ಅದು ಎಚ್‌ಒ ಎಂಬ ಇನ್ನೂ ದೊಡ್ಡ ಗಾತ್ರದ್ದು, ಮೇಲಾಗಿ ಹಳಿಯ ನಡುವಿನ ಗುಬುಟುಗಳಿಂದ ಕರೆಂಟ್ ಹೀರುವ ಬೇರೆಯೇ ವ್ಯವಸ್ಥೆಯದು. ಸೋವಿ ಎಂದು ತಂದಿದ್ದರೆ ಷೋಕೇಸಿನಲ್ಲಿ ಇಡಬೇಕಾಗಿತ್ತು.

ಉಳಿದದ್ದು ಡಿಇ10. ಜಪಾನಿನ ಸರ್ಕಾರಿ ರೈಲ್ವೆ 1966ರಿಂದ 1978ರವರೆಗೆ ಕಟ್ಟಿಸಿದ ಡೀಸೆಲ್ ಹೈಡ್ರಾಲಿಕ್ ಎಂಜಿನ್. ಐದು ಗಾಲಿ ಅಚ್ಚು: ಉದ್ದ ಮೂತಿಯ ಕೆಳಗೆ ಮೂರು, ಗಿಡ್ಡ ಮೂತಿಯ ಕೆಳಗೆ ಎರಡು. ಕ್ಯಾಬ್ ನಡುವಿನಲ್ಲೂ ಇಲ್ಲ, ತುದಿಯಲ್ಲೂ ಇಲ್ಲ, ಒಂದು ಕಡೆಗೆ ಸರಿದು ಕೂತಿದೆ. ಚಾಲಕನ ಮೇಜನ್ನು ಅಡ್ಡಡ್ಡಲಾಗಿ ಇಟ್ಟಿದ್ದಾರೆ, ಹಿಂದಕ್ಕೂ ಮುಂದಕ್ಕೂ ಕತ್ತು ತಿರುಗಿಸಿದರೆ ಸಾಕು. ಶಂಟಿಂಗ್ ಮಾಡುವವನ ಕಷ್ಟ ಬಲ್ಲ ಯಾರೋ ಯೋಚಿಸಿ ಮಾಡಿದ ವಿನ್ಯಾಸ. ಈಗ ಅಲ್ಲಿನ ಯಾರ್ಡ್‌ಗಳಲ್ಲಿ ಅದರ ಜಾಗಕ್ಕೆ ಎಚ್‌ಡಿ300 ಎಂಬ ಹೈಬ್ರಿಡ್ ಎಂಜಿನ್ ಬಂದಿದೆ. ಆದರೂ ಇಎಫ್210 ಮತ್ತು ಡಿಇ10 ವರ್ಷಗಟ್ಟಲೆ ಒಂದೇ ಯಾರ್ಡ್‌ನಲ್ಲಿ ಒಟ್ಟಿಗೆ ದುಡಿದಿವೆ, ನನಗೆ ಬೇಕಾಗಿದ್ದ ಹೊಂದಾಣಿಕೆ ಅದು. ಮಾದರಿಯ ಉದ್ದ ಸುಮಾರು 94 ಮಿ.ಮೀ., ನನ್ನ ತೋರುಬೆರಳಿಗಿಂತ ಸ್ವಲ್ಪ ಹೆಚ್ಚು. ನನ್ನ ತಿರುವುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಾಟುತ್ತದೆ.

ಬೆಲೆಯ ಮಾತು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಮಾದರಿ ರೈಲುಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಪಿಂಚಣಿಯಲ್ಲಿ ಬದುಕುವವನು ಅಂಚೆಯಲ್ಲಿ ತರಿಸಿಕೊಳ್ಳುವ ಕನಸು ಕಾಣುವಂತಿಲ್ಲ. ಮಗಳು ಅಳಿಯ ಯೊಕೊಹಾಮಾದಲ್ಲಿದ್ದಾರೆ. ಅಳಿಯನ ಬಳಿ ಆಟದ ರೈಲು ಬೇಡುವುದೇ ಎಂದು ಮನೆಯವಳು ಮುಖ ಸಿಂಡರಿಸಿದಳು. ನಾನು ಮಗಳ ಮೂಲಕ ಬೇಡಿದೆ. ಅವರು ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದರು, ನನ್ನ ಬಜೆಟ್ಟಿನ ಒಳಗೇ ಬಂತು. "ಮಾವ, ಪೆಟ್ಟಿಗೆಯಲ್ಲಿ ಎಂಜಿನ್ ಮಾತ್ರ ಇದೆ, ಜೊತೆಗೆ ಬರಬೇಕಾದ ಚಿಕ್ಕ ಭಾಗಗಳ ಪೊಟ್ಟಣ ಇಲ್ಲವಂತೆ" ಎಂದು ಅಳಿಯಂದಿರು ಸಂಕೋಚದಿಂದ ಹೇಳಿದರು. ಆ ಪೊಟ್ಟಣದಲ್ಲೇ ನಂಬರ್ ಪ್ಲೇಟ್ ಇರುವುದು. ಹೀಗಾಗಿ ನನ್ನ ಎಂಜಿನ್ ಇವತ್ತಿಗೂ ನಂಬರ್ ಪ್ಲೇಟ್ ಇಲ್ಲದ ಗಾಡಿ. ಮೈಸೂರಿನ ಸಂಚಾರ ಪೊಲೀಸರು ನಮ್ಮ ಮಂಚದ ಅಡಿಗೆ ಇನ್ನೂ ಬಂದಿಲ್ಲ.

ಈಗ ಹೊಸಬರು ತಿಳಿದಿರಲೇಬೇಕಾದ ವಿಷಯ. ಸಾದಾ ಡಿಸಿ ಹಳಿಯ ಮೇಲೆ ಎರಡು ಎಂಜಿನ್ ಇಟ್ಟು ಕಂಟ್ರೋಲರಿನ ವೇಗದ ನಾಬ್ ತಿರುಗಿಸಿದರೆ ಎರಡೂ ಹೊರಡುತ್ತವೆ. ಒಂದನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟರೂ ಪ್ರಯೋಜನವಿಲ್ಲ, ಎರಡೂ ಒಂದೇ ದಿಕ್ಕಿಗೇ ಹೋಗುತ್ತವೆ. ಯಾವ ಹಳಿ ಧನ, ಯಾವುದು ಋಣ ಎಂಬುದು ದಿಕ್ಕನ್ನು ನಿರ್ಧರಿಸುತ್ತದೆಯೇ ಹೊರತು ಎಂಜಿನ್‌ನ ಮುಖವಲ್ಲ. ಪ್ರತಿ ಎಂಜಿನ್‌ಗೂ ಬೇರೆಬೇರೆ ಆಜ್ಞೆ ಕಳಿಸುವ ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆ ಹಾಕಿಸಿದರೆ ಈ ತಾಪತ್ರಯವಿಲ್ಲ ಎನ್ನುತ್ತಾರೆ, ನಿಜ. ಆದರೆ ಒಂದೊಂದರೊಳಗೂ ಆ ಆಜ್ಞೆ ಓದುವ ಡಿಕೋಡರ್, ಜೊತೆಗೆ ಹೊಸ ಕಂಟ್ರೋಲರ್. ಎರಡೇ ಎಂಜಿನ್ ಸಾಕುವವನಿಗೆ ಅಷ್ಟು ಖರ್ಚೇಕೆ?

ಉತ್ತರ ಪಾಯಿಂಟಿನ, ಅಂದರೆ ಹಳಿ ಕವಲೊಡೆಯುವ ತುಂಡಿನ ಒಳಗೇ ಇದೆ. ಯುನಿಟ್ರ್ಯಾಕ್‌ನ ನಂಬರ್ 4 ಪಾಯಿಂಟನ್ನು ಮಗುಚಿ ನೋಡಿದರೆ ಅಡಿಯಲ್ಲಿ ಸಣ್ಣ ಸ್ಕ್ರೂಗಳಿವೆ. ಅವುಗಳ ಜಾಗ ಬದಲಿಸಿದರೆ, ಪಾಯಿಂಟ್ ಯಾವ ಕಡೆಗೆ ತಿರುಗಿದೆಯೋ ಆ ಕಡೆಗೆ ಮಾತ್ರ ಕರೆಂಟ್ ಹೋಗುತ್ತದೆ. ನಿಲ್ದಾಣದ ಎರಡೂ ತುದಿಗಳಲ್ಲಿ ಒಂದೊಂದು ಕುರುಡು (ಮುಂದೆ ದಾರಿಯಿಲ್ಲದ) ಸೈಡಿಂಗ್ ಹಾಕಿದೆ. ಪಾಯಿಂಟ್ ಮುಖ್ಯ ಹಳಿಗೆ ತಿರುಗಿರುವವರೆಗೂ ಸೈಡಿಂಗ್‌ನಲ್ಲಿ ನಿಂತ ಎಂಜಿನ್ ಸತ್ತಂತೆ ಇರುತ್ತದೆ, ನಾಬ್ ಎಷ್ಟು ತಿರುಗಿಸಿದರೂ ಮಿಸುಕುವುದಿಲ್ಲ. ಸೈಡಿಂಗ್‌ಗೆ ಪ್ರತ್ಯೇಕ ತಂತಿ ಕೊಡಬಾರದು, ಕೊಟ್ಟರೆ ಈ ಉಪಾಯವೇ ಕೆಡುತ್ತದೆ. ಎರಡನೆಯ ಎಂಜಿನ್‌ಗೆ ಹಣ ತೆಗೆದಿಡುವವರು ಎರಡು ಪಾಯಿಂಟುಗಳ ಹಣವನ್ನೂ ಅದರ ಜೊತೆಗೇ ತೆಗೆದಿಡಿ.

ಎರಡನ್ನೂ ಜೋಡಿಸಿ ಒಂದೇ ಗಾಡಿ ಎಳೆಸುವ ಆಸೆ ಇದ್ದರೆ ಬಿಟ್ಟುಬಿಡಿ. ಗಾಲಿಯ ಗಾತ್ರ ಬೇರೆ, ಗೇರ್ ಬೇರೆ. ನಾಬ್ ಒಂದೇ ಜಾಗದಲ್ಲಿದ್ದಾಗ ಒಂದು ಹೊರಟಿರುತ್ತದೆ, ಇನ್ನೊಂದು ಯೋಚಿಸುತ್ತಿರುತ್ತದೆ.

ಇನ್ನು ಕೊಕ್ಕೆ. ಎನ್ ಸ್ಕೇಲ್‌ನ ಈ ಮಾಮೂಲಿ ಕೊಕ್ಕೆ ಕೂಡಿಕೊಳ್ಳುವುದರಲ್ಲಿ ಬಲು ಉದಾರಿ. ಮೆಲ್ಲಗೆ ತಾಗಿಸಿದರೆ ಎರಡೂ ಒಂದರ ಮೇಲೊಂದು ಏರಿ, ಟಕ್ ಎಂದು ಬಿದ್ದು ಕೂಡಿಕೊಳ್ಳುತ್ತವೆ. ಬಿಡಿಸುವಾಗ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಕೈಯಿಂದ ಎತ್ತಿದರೆ ವ್ಯಾಗನ್ನೇ ಹಳಿ ತಪ್ಪುತ್ತದೆ, ಪಕ್ಕದ ವ್ಯಾಗನ್ ಅದರ ಹಿಂದೆಯೇ ಉರುಳುತ್ತದೆ. ಶಂಟಿಂಗ್‌ಗೆಂದೇ ತಂದ ಎಂಜಿನ್, ಶಂಟಿಂಗ್ ಮಾಡಲು ಬಿಡದ ಕೊಕ್ಕೆ! ಮೊದಲ ಕೆಲವು ವಾರ ಡಿಇ10 ಸೈಡಿಂಗ್‌ನಲ್ಲೇ ಕೂತಿತ್ತು, ನನಗೂ ಅದರ ಮುಖ ನೋಡಲು ಬೇಜಾರು. ಅಯಸ್ಕಾಂತದಿಂದ ಬಿಡಿಸಿಕೊಳ್ಳುವ ಕಪ್ಲಿಂಗ್‌ಗಳೂ ಸಿಗುತ್ತವೆ. ಆದರೆ ಪ್ರತಿ ವ್ಯಾಗನ್ನಿನ ಎರಡೂ ತುದಿಗೆ ಬದಲಿಸಬೇಕು, ಆ ಹಣದಲ್ಲಿ ಇನ್ನೊಂದು ಎಂಜಿನ್ ಬರುತ್ತದೆ.

ದಾರಿ ಸಿಕ್ಕಿದ್ದು ದೇವರ ಮನೆಯಲ್ಲಿ. ಊದುಬತ್ತಿ ಉರಿದು ಮುಗಿದ ಮೇಲೆ ಉಳಿಯುವ ಬಿದಿರು ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದು, ಉಗುರು ಉಜ್ಜುವ ಪಟ್ಟಿಯಿಂದ ನಯ ಮಾಡಿದೆ. ಎರಡು ಕೊಕ್ಕೆಗಳ ಕೆಳಗೆ ಅಡ್ಡಲಾಗಿ ತೂರಿಸಿ ಕೂದಲೆಳೆಯಷ್ಟು ಮೇಲೆತ್ತಿದರೆ ಒಂದು ಕೊಕ್ಕೆ ಮೇಲೇರುತ್ತದೆ. ಆ ಕ್ಷಣಕ್ಕೆ ಎಡಗೈಯಿಂದ ನಾಬ್ ತುಸು ತಿರುಗಿಸಬೇಕು. ಎಂಜಿನ್ ಮುಂದೆ ಸರಿಯುತ್ತದೆ, ವ್ಯಾಗನ್ ಅಲ್ಲೇ ನಿಲ್ಲುತ್ತದೆ. ಕಡ್ಡಿ ದಪ್ಪವಾದರೆ ವ್ಯಾಗನ್ ಎದ್ದುಬಿಡುತ್ತದೆ, ತೆಳುವಾದರೆ ಕಡ್ಡಿಯೇ ಬಾಗುತ್ತದೆ. ಸರಿಯಾದ ಕಡ್ಡಿಯೊಂದು ಸಿಕ್ಕಿದ ಮೇಲೆ ಅದಕ್ಕೆ ಕೆಂಪು ದಾರ ಸುತ್ತಿ ಕಂಟ್ರೋಲರ್ ಪಕ್ಕದಲ್ಲೇ ಇಟ್ಟಿದ್ದೇನೆ. ಮನೆಯವಳು ಅದನ್ನು ಕಸವೆಂದು ಎಸೆಯದಿರಲಿ ಎಂಬುದೇ ದಾರದ ಉದ್ದೇಶ.

ಈಗ ಸಂಜೆ ಕಾಫಿಯಾದ ಮೇಲೆ ನಡೆಯುವುದು ಹೀಗೆ. ಇಎಫ್210 ತನ್ನ ಸಾಲನ್ನು ನಿಲ್ದಾಣಕ್ಕೆ ತಂದು ನಿಲ್ಲಿಸುತ್ತದೆ. ಕಡ್ಡಿ ಹಾಕಿ ಬಿಡಿಸುತ್ತೇನೆ. ಅದು ಒಬ್ಬಂಟಿಯಾಗಿ ಮುಂದಿನ ಸೈಡಿಂಗ್‌ಗೆ ಹೋಗುತ್ತದೆ, ಪಾಯಿಂಟ್ ತಿರುಗಿಸಿದರೆ ನಿದ್ದೆ ಹೋಯಿತು. ಆಮೇಲೆ ಹಿಂದಿನ ಸೈಡಿಂಗ್‌ನ ಪಾಯಿಂಟ್ ತೆರೆಯುತ್ತೇನೆ. ಡಿಇ10 ಹೊರಗೆ ಬರುತ್ತದೆ. ಬರುವ ರೀತಿಯನ್ನು ಬರೆದು ತೋರಿಸುವುದು ಕಷ್ಟ: ನಾಬ್ ಇನ್ನೇನು ಸೊನ್ನೆಯಿಂದ ಕದಲಿದೆ ಅನ್ನುವಾಗ ಗಾಲಿಯ ಒಂದೊಂದು ಸುತ್ತನ್ನೂ ನೋಡಬಹುದು, ಕೊನೆಯ ವ್ಯಾಗನ್ನಿಗೆ ಒಂದು ಬೆರಳಿನ ಅಂತರ ಬಂದಾಗ ಉಸಿರು ಬಿಗಿಹಿಡಿಯುವುದು ನಾನು, ಎಂಜಿನ್ ಅಲ್ಲ. ಟಕ್. ಖಾಲಿ ವ್ಯಾಗನ್‌ಗಳು ಹಗುರವಾದ್ದರಿಂದ ಮೊದಮೊದಲು ಕೂಡಿಕೊಳ್ಳದೆ ಮುಂದಕ್ಕೆ ಉರುಳುತ್ತಿದ್ದವು. ಕಂಟೇನರ್‌ಗಳನ್ನು ತೆಗೆದರೆ ಅಡಿ ಟೊಳ್ಳು, ಅಲ್ಲಿ ಒಂದೊಂದು ಕಬ್ಬಿಣದ ವಾಷರ್ ಅಂಟಿಸಿದೆ. ಈಗ ಗಟ್ಟಿಯಾಗಿ ನಿಲ್ಲುತ್ತವೆ. ಕಡೆಯ ಎರಡು ವ್ಯಾಗನ್ ಕಳಚಿ, ಎಳೆದುಕೊಂಡು ಹಿಂದಕ್ಕೆ ಹೋಗುತ್ತದೆ. ಇಡೀ ಆಟಕ್ಕೆ ಅರ್ಧ ಗಂಟೆ, ಗಾಡಿ ಒಟ್ಟು ಸರಿಯುವುದು ಒಂದೆರಡು ಮೀಟರ್.

ಕಡ್ಡಿ ಬಂದ ಮೇಲೆ ಕೊಕ್ಕೆಯ ಮೇಲಿನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿದಿಲ್ಲ, ಏಕೆಂದರೆ ಕನ್ನಡಕ ಮರೆತ ದಿನ ಆಟವಿಲ್ಲ.

ಸ್ವಚ್ಛತೆಯ ಬಗ್ಗೆ ಒಂದು ಮಾತು. ನಿಧಾನವಾಗಿ ಓಡಿಸುವವರಿಗೆ ಹಳಿಯ ಕೊಳೆ ಶತ್ರು. ಜೋರಾಗಿ ಹೋಗುವ ಎಂಜಿನ್ ಕೊಳೆಯನ್ನು ಹಾರಿ ದಾಟುತ್ತದೆ, ತೆವಳುವ ಎಂಜಿನ್ ಅದರ ಮೇಲೇ ನಿಂತುಬಿಡುತ್ತದೆ. ಬೇಸಿಗೆಯ ಧೂಳು, ಅಡುಗೆಮನೆಯ ಒಗ್ಗರಣೆಯ ಹೊಗೆ, ನನ್ನ ಕಡ್ಡಿಯನ್ನು ಕೊಟ್ಟ ಅದೇ ಊದುಬತ್ತಿ, ಎಲ್ಲವೂ ಹಳಿಯ ಮೇಲೆ ಬಂದು ಕೂರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಬಟ್ಟೆಯನ್ನು ಹಳಿಯ ಮೇಲೆ ಎಳೆದರೆ ಕಾಡಿಗೆಯಷ್ಟು ಕಪ್ಪು ಬರುತ್ತದೆ. ಗಾಲಿಗಳನ್ನೂ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುತ್ತೇನೆ, ರಬ್ಬರ್ ಪಟ್ಟಿ ಇರುವ ಗಾಲಿಗೆ ಮಾತ್ರ ಆಲ್ಕೊಹಾಲ್ ತಾಗಿಸುವುದಿಲ್ಲ. ಮಳೆಗಾಲದಲ್ಲಿ ಧೂಳಿನ ಕಾಟ ಕಡಿಮೆ, ಎಂಜಿನ್‌ನ ನಡಿಗೆಯೂ ಆಗ ಅತಿ ಸೊಗಸು.

ಶುದ್ಧಾಚಾರದವರಿಗೆ ಒಂದು ಕೊರತೆ ಕಣ್ಣಿಗೆ ಬೀಳಬಹುದು. ಜಪಾನಿನಲ್ಲಿ ಈ ಎಂಜಿನ್‌ಗಳು ಓಡುವ ನಿಜವಾದ ಹಳಿ 1067 ಮಿ.ಮೀ. ಅಗಲ, ನಮ್ಮ ಹಳೆಯ ಮೀಟರ್ ಗೇಜ್‌ಗಿಂತ ಚೂರು ಹೆಚ್ಚು. 1:150ರಲ್ಲಿ ಅದು 7 ಮಿ.ಮೀ. ಆಸುಪಾಸು ಆಗಬೇಕಿತ್ತು, ಎನ್ ಸ್ಕೇಲ್ ಹಳಿ 9 ಮಿ.ಮೀ. ಅಂದರೆ ಎಂಜಿನ್ ತನ್ನದಲ್ಲದ ಅಗಲ ಹಳಿಯ ಮೇಲೆ ನಿಂತಿದೆ. ಮೀಟರ್ ಗೇಜ್ ಕಂಡ ಕಣ್ಣಿಗೆ ಇದು ಮುಂದಿನಿಂದ ನೋಡಿದಾಗ ಗೊತ್ತಾಗುತ್ತದೆ. ನಾನು ಪಕ್ಕದಿಂದ ನೋಡುತ್ತೇನೆ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಕೊಕ್ಕೆಯದು, ಎಂಜಿನ್‌ನದಲ್ಲ. ದೊಡ್ಡ ಎಂಜಿನ್ ಒಂದಿದೆ, ಹಿಂದೆ ಎಳೆಯಲು ವ್ಯಾಗನ್‌ಗಳಿವೆ, ಜಾಗ ಕಡಿಮೆ ಎನ್ನುವವರು ಯೋಚಿಸದೆ ಕೊಳ್ಳಿ. ಪ್ಯಾಸೆಂಜರ್ ಗಾಡಿ ವೇಗವಾಗಿ ಓಡಬೇಕು ಎನ್ನುವವರಿಗೆ ಇದು ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಿಕ್ಕ ಭಾಗಗಳ ಪೊಟ್ಟಣ ಇದೆಯೇ ಎಂದು ಮೊದಲೇ ಕೇಳಿ, ಮಾರುವವನ ಚಿತ್ರದಲ್ಲಿ ಎಂಜಿನ್‌ನ ಎರಡೂ ತುದಿಯ ಕಪ್ಲಿಂಗ್ ಹಿಗ್ಗಿಸಿ ನೋಡಿ, ನಿಮ್ಮ ವ್ಯಾಗನ್‌ನದಕ್ಕೆ ಹೋಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಮುಂದೆ ಹೋಗಿ. ಸಂಕ್ರಾಂತಿಗೆ ಮಗಳು ಬರುವಾಗ ಮೂರನೆಯ ಎಂಜಿನ್ ತರಬೇಕೇ ಎಂದು ಅಳಿಯಂದಿರು ಕೇಳಿದರು. ಬೇಡ, ಇನ್ನೆರಡು ಪಾಯಿಂಟ್ ತನ್ನಿ ಎಂದೆ.