ಕಾಂಟ್ರಾಸ್ಟ್ ಮ್ಯಾಮೊಗ್ರಾಮೋ, ಸ್ತನದ ಎಂಆರ್‌ಐಯೋ?

ಉಡುಪಿಯ ತಂಗಿಯೊಬ್ಬಳ ಪ್ರಶ್ನೆ: ಅಮ್ಮನ ಸ್ತನದ ಅಂಗಾಂಶ ದಟ್ಟವಾಗಿದೆ, ಸಂಶಯದ ಗಂಟೂ ಇದೆ, ಮುಂದೆ ಯಾವ ಪರೀಕ್ಷೆ?

ಸಾದಾ ಮ್ಯಾಮೊಗ್ರಾಮ್‌ನಲ್ಲಿ (ಸ್ತನದ ಎಕ್ಸ್‌ರೇ) ದಟ್ಟ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಹಾಗಾಗಿ ಗಡ್ಡೆ ಮರೆಯಾಗಬಹುದು. ಕಾಂಟ್ರಾಸ್ಟ್ ಮ್ಯಾಮೊಗ್ರಾಮ್, ಎಂಆರ್‌ಐ ಎರಡೂ ಹುಡುಕುವುದು ಗಡ್ಡೆ ಬೆಳೆಸಿಕೊಂಡ ಹೊಸ ರಕ್ತನಾಳಗಳನ್ನು. ಕೈಯ ರಕ್ತನಾಳಕ್ಕೆ ಕೊಟ್ಟ ಔಷಧ ಅಲ್ಲಿ ಸೇರಿ ಎದ್ದು ಕಾಣುತ್ತದೆ.

ಕಾಂಟ್ರಾಸ್ಟ್ ಮ್ಯಾಮೊಗ್ರಾಮ್‌ನಲ್ಲಿ ಚುಚ್ಚುಮದ್ದು ಕೊಟ್ಟು ಸುಮಾರು 2 ನಿಮಿಷಕ್ಕೆ ಚಿತ್ರ ಶುರು, 10 ನಿಮಿಷದೊಳಗೆ ಮುಕ್ತಾಯ. ಎಂಆರ್‌ಐಗೆ ಕೊಳವೆಯೊಳಗೆ ಬೋರಲಾಗಿ ಅರ್ಧ ಗಂಟೆಯಷ್ಟು ಅಲುಗಾಡದೆ ಮಲಗಬೇಕು. ಇಕ್ಕಟ್ಟಿನ ಭಯವೋ ಪೇಸ್‌ಮೇಕರೋ ಇರುವವರಿಗೆ ಮೊದಲನೆಯದೇ ಸಲೀಸು ಎನ್ನುತ್ತೇನೆ. ಖರ್ಚೂ ಸಾಮಾನ್ಯವಾಗಿ ಕಡಿಮೆ.

ಆದರೆ ಕಾಂಟ್ರಾಸ್ಟ್ ಮ್ಯಾಮೊಗ್ರಾಮ್‌ನ ಔಷಧದಲ್ಲಿ ಅಯೋಡಿನ್ ಇದೆ. ಮೂತ್ರಪಿಂಡದ ತೊಂದರೆ ಅಥವಾ ಹಿಂದೆ ಅಲರ್ಜಿ ಆಗಿದ್ದರೆ ದಯವಿಟ್ಟು ಮೊದಲೇ ಹೇಳಿ. ಎಕ್ಸ್‌ರೇ ವಿಕಿರಣವೂ ಸಾದಾ ಮ್ಯಾಮೊಗ್ರಾಮ್‌ಗಿಂತ ತುಸು ಹೆಚ್ಚು. ಎಂಆರ್‌ಐಯಲ್ಲಿ ವಿಕಿರಣವಿಲ್ಲ, ಬಿಆರ್‌ಸಿಎ ದೋಷವಿರುವ (ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಂಶವಾಹಿ ದೋಷ) ಯುವತಿಯರ ವಾರ್ಷಿಕ ತಪಾಸಣೆಗೆ, ಎದೆಗೋಡೆಯವರೆಗೆ ನೋಡಬೇಕಾದಾಗ ಅದೇ ಮೇಲು.

ಗಂಟು ಕ್ಯಾನ್ಸರೇ ಎಂದು ಖಚಿತಪಡಿಸುವುದು ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ. ಕಾಂಟ್ರಾಸ್ಟ್ ಯಂತ್ರ ಎಲ್ಲೆಡೆ ಇರುವುದಿಲ್ಲ; ಮಂಗಳೂರಿಗೋ ಮಣಿಪಾಲಕ್ಕೋ ಬಸ್ ಹತ್ತುವ ಮೊದಲು ಫೋನ್ ಮಾಡಿ, ಹಳೆಯ ಚಿತ್ರಗಳನ್ನೂ ಒಯ್ಯಿರಿ.